ಮೊಲಗಳು ಕೂಡುತ್ತವೆ, ಮರಿ ಮಾತ್ರ ಇಲ್ಲ: ತೊಂದರೆ ಹೆಣ್ಣಿನದೋ ಗಂಡಿನದೋ?

ತೋಟದಮನೆ_ಹೊಸನಗರ

ಎಲ್ಲರಿಗೂ ನಮಸ್ಕಾರ. ಅಡಿಕೆ ತೋಟದ ಜೊತೆಗೆ ಮೊಲ ಸಾಕುತ್ತಿದ್ದೇನೆ. ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲಾ ಎರಡೂ ತಳಿ ಇವೆ. ಚಳಿಗಾಲದಲ್ಲಿ ಹೆಣ್ಣುಗಳು ಒಂದು ಸೂಲಿಗೆ ಆರರಿಂದ ಎಂಟು ಮರಿ ಹಾಕುತ್ತಿದ್ದವು. ಈಗ ಮಳೆ ಹಿಡಿದ ಮೇಲೆ ಕೂಡಿಸಿದ ಹೆಣ್ಣುಗಳಲ್ಲಿ ಹೆಚ್ಚಿನವು ಖಾಲಿ. ಮರಿ ಹಾಕಿದವೂ ಎರಡು ಮೂರಕ್ಕೇ ನಿಂತಿವೆ.

ಇನ್ನೊಂದು ವಿಷಯ. ಕೆಲವು ಹೆಣ್ಣುಗಳು ಕೂಡಿಸಿ ಎರಡೂವರೆ ವಾರ ಆಗುವ ಹೊತ್ತಿಗೇ ಎದೆಯ ತುಪ್ಪಳ ಕಿತ್ತು ಗೂಡು ಮಾಡುತ್ತವೆ. ತಿಂಗಳು ತುಂಬಿದರೂ ಮರಿ ಇಲ್ಲ.

ಗಂಡುಗಳು ಗಟ್ಟಿಮುಟ್ಟಾಗಿವೆ. ಹೆಣ್ಣು ಬಿಟ್ಟ ಕೂಡಲೇ ಏರುತ್ತವೆ, ಕೂಗಿ ಪಕ್ಕಕ್ಕೆ ಬೀಳುತ್ತವೆ. ಹಾಗಾಗಿ ಹೆಣ್ಣುಗಳದ್ದೇ ದೋಷ, ಮಾರಿಬಿಡು ಅಂತ ಊರಲ್ಲಿ ಹೇಳುತ್ತಾರೆ. ಒಳ್ಳೆಯ ತಾಯಿಗಳನ್ನು ಸುಮ್ನೆ ಕಳೆದುಕೊಳ್ಳಲು ಮನಸ್ಸಿಲ್ಲ. ಶೆಡ್ಡಿಗೆ ಜಿಂಕ್ ಶೀಟು, ಅಡಿಕೆ ಒಣಗಿಸುವ ಅಂಗಳದ ಪಕ್ಕದಲ್ಲೇ ಇದೆ. ತಿಂಡಿ ಬದಲಾಯಿಸಿಲ್ಲ. ತಿಳಿದವರು ಹೇಳಿ.


ಬಯಲುಸೀಮೆ_ಶಿಕಾರಿಪುರ

ಯಾವ ಹೆಣ್ಣನ್ನು ಯಾವ ಗಂಡಿಗೆ ಬಿಟ್ಟಿರಿ ಅಂತ ಬರೆದಿಟ್ಟಿದ್ದೀರಾ ಅಣ್ಣ? ಅದೊಂದು ಇದ್ದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಇನ್ನೊಂದು ಪ್ರಶ್ನೆ. ಏಪ್ರಿಲ್, ಮೇ ತಿಂಗಳಲ್ಲಿ ಗಂಡು ಮೊಲಗಳು ಎಲ್ಲಿದ್ದವು?


ತೋಟದಮನೆ_ಹೊಸನಗರ

ಬರೆದಿಟ್ಟಿದ್ದೇನೆ. ಕೂಡಿಸಿದ ತಾರೀಕು, ಗಂಡಿನ ನಂಬರು, ಹುಟ್ಟಿದ ಮರಿ ಎಲ್ಲಾ ಇದೆ. ಆದರೆ ಗಂಡಿನ ಲೆಕ್ಕದಲ್ಲಿ ಬೇರೆ ಮಾಡಿ ನೋಡಿಲ್ಲ, ನೋಡಿ ಹಾಕುತ್ತೇನೆ. ಬೇಸಿಗೆಯಲ್ಲೂ ಗಂಡುಗಳು ಇದೇ ಶೆಡ್ಡಿನಲ್ಲಿದ್ದವು. ಪಡುವಣ ಗೋಡೆ ಕಡೆ, ಮೇಲಿನ ಸಾಲಿನ ಕೇಜು.


ಪಶುವೈದ್ಯೆ_ತೀರ್ಥಹಳ್ಳಿ

ಪಡುವಣ ಗೋಡೆ, ಮೇಲಿನ ಸಾಲು, ಮೇಲೆ ಜಿಂಕ್ ಶೀಟು. ನನಗೆ ಮೊದಲ ಅನುಮಾನ ಗಂಡಿನ ಮೇಲೆಯೇ ಬರುತ್ತದೆ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಮೊದಲು ನಿಮ್ಮ ತುಪ್ಪಳದ ವಿಷಯ. ದನ, ಮೇಕೆಗಳ ಹಾಗೆ ಮೊಲಕ್ಕೆ ಇಷ್ಟು ದಿನಕ್ಕೊಮ್ಮೆ ಅಂತ ತತ್ತಿ ಬಿಡುವ ಚಕ್ರ ಇಲ್ಲ. ಗಂಡು ಕೂಡಿದ ಪ್ರಚೋದನೆಯಿಂದಲೇ ತತ್ತಿ ಬಿಡುಗಡೆ ಆಗುತ್ತದೆ, ಕೂಡಿದ ಸುಮಾರು 10ರಿಂದ 12 ಗಂಟೆಯ ನಂತರ. ಆ ಹೊತ್ತಿಗೆ ಒಳ್ಳೆಯ ವೀರ್ಯಾಣು ಕಾದಿದ್ದರೆ ಗಬ್ಬ ಕಟ್ಟುತ್ತದೆ. ಇಲ್ಲದಿದ್ದರೆ ತತ್ತಿ ಹಾಳಾಗುತ್ತದೆ, ಆದರೆ ಹೆಣ್ಣಿನ ಮೈಗೆ ಅದು ಗೊತ್ತಾಗುವುದಿಲ್ಲ. ಗಬ್ಬ ನಿಂತ ಹಾಗೇ ಹಾರ್ಮೋನು ಬರುತ್ತಿರುತ್ತದೆ. 16ರಿಂದ 18 ದಿನ ಇದು ನಡೆಯುತ್ತದೆ, ಕೊನೆಗೆ ತುಪ್ಪಳ ಕಿತ್ತು ಗೂಡು ಕಟ್ಟುತ್ತದೆ. ಇದನ್ನು ಸುಳ್ಳು ಗಬ್ಬ ಅನ್ನುತ್ತೇವೆ. ನಿಜವಾದ ಗಬ್ಬಕ್ಕೆ 30ರಿಂದ 32 ದಿನ ಬೇಕು.

ಅಂದರೆ ನಿಮ್ಮ ಹೆಣ್ಣುಗಳು ತಮ್ಮ ಕೆಲಸ ಮಾಡಿವೆ. ಗಂಡಿಗೆ ಒಪ್ಪಿವೆ, ತತ್ತಿ ಬಿಟ್ಟಿವೆ. ಬಾರದೆ ಹೋದದ್ದು ವೀರ್ಯಾಣು. ಹೆಣ್ಣುಗಳನ್ನು ಒಂದೇ ಕೇಜಿನಲ್ಲಿ ಬಿಟ್ಟಾಗ ಒಂದರ ಮೇಲೊಂದು ಏರಿದರೂ ಸುಳ್ಳು ಗಬ್ಬ ಆಗುತ್ತದೆ. ನೀವು ಒಂದೊಂದನ್ನೇ ಬೇರೆ ಇಟ್ಟಿದ್ದರೆ ಆ ಕಾರಣ ಬಿಡಬಹುದು.

ಈಗ ಬಿಸಿಲಿನ ವಿಷಯ. ಮೊಲಕ್ಕೆ ಬೆವರು ಗ್ರಂಥಿ ತೀರಾ ಕಡಿಮೆ. ಕಿವಿಯ ರಕ್ತನಾಳದಿಂದ ಮತ್ತು ಜೋರಾಗಿ ಉಸಿರಾಡಿ ಮೈ ತಣ್ಣಗೆ ಮಾಡಿಕೊಳ್ಳಬೇಕು. 15ರಿಂದ 25 ಡಿಗ್ರಿ ಅದಕ್ಕೆ ಹಿತ. 30 ದಾಟಿದರೆ ಕಷ್ಟ ಶುರು. 35ರ ಮೇಲೆ ಹೋದರೆ ಮೈ ಬಿಸಿ ಹಿಡಿತಕ್ಕೆ ಸಿಗುವುದಿಲ್ಲ. ಗಂಡಿನ ಬೀಜಗಳು (ವೃಷಣಗಳು) ಹೊಟ್ಟೆಯಿಂದ ಹೊರಗೆ, ಚೀಲದಲ್ಲಿ ಇರುವುದೇ ಮೈಗಿಂತ ಸ್ವಲ್ಪ ತಂಪಾಗಿರಲಿ ಅಂತ. ಶೆಡ್ಡೇ ಕಾದರೆ ಆ ತಂಪು ಎಲ್ಲಿಂದ ಬರಬೇಕು?

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಮೊಲದಲ್ಲಿ ಒಂದು ವೀರ್ಯಾಣು ತಯಾರಾಗಲು ಸುಮಾರು ಏಳು ವಾರ ಬೇಕು. ಆಮೇಲೆ ಬೀಜದ ಪಕ್ಕದ ನಾಳದಲ್ಲಿ ಹಣ್ಣಾಗಲು ಇನ್ನೊಂದು ವಾರ, ಹತ್ತು ದಿನ. ಒಟ್ಟು ಎರಡು ತಿಂಗಳು. ಏಪ್ರಿಲ್ ಕೊನೆಗೆ, ಮೇ ತಿಂಗಳಲ್ಲಿ ಕಾದ ಶೆಡ್ಡಿನ ಪರಿಣಾಮ ಜೂನ್, ಜುಲೈನಲ್ಲಿ ಕಾಣುತ್ತದೆ. ಅಷ್ಟರಲ್ಲಿ ಹೊರಗೆ ಮಳೆ, ತಂಪು. ಯಾರಿಗೂ ಬಿಸಿಲಿನ ನೆನಪೇ ಇರುವುದಿಲ್ಲ. ಮಳೆಯಿಂದ ಹೀಗಾಯಿತು ಅಂತಲೋ, ಹೆಣ್ಣು ಹಳೆಯದಾಯಿತು ಅಂತಲೋ ಜನ ತೀರ್ಮಾನ ಮಾಡುತ್ತಾರೆ.

ಗಂಡು ಚೆನ್ನಾಗಿ ಏರುತ್ತದೆ ಅಂದಿರಿ. ಏರುವ ಹುರುಪು ಬೇರೆ, ವೀರ್ಯದ ಗುಣ ಬೇರೆ. ಹುರುಪಿನ ಗಂಡಿನ ವೀರ್ಯದಲ್ಲಿ ಜೀವಂತ ವೀರ್ಯಾಣು ತೀರಾ ಕಡಿಮೆ ಇರಬಹುದು. ಕೂಗಿ ಪಕ್ಕಕ್ಕೆ ಬಿದ್ದರೆ ಕೂಡಿದೆ ಅಂತ ಮಾತ್ರ ತಿಳಿಯಿರಿ.


ಆಗುಂಬೆ_ತಪ್ಪಲು

ಮೇಡಂ, ನಮ್ಮ ಮಲೆನಾಡಲ್ಲಿ ಎಂತ ಬಿಸಿಲು ಮಾರಾಯ್ರೆ? ರಾಯಚೂರು, ಕಲಬುರಗಿ ಆದರೆ ಒಪ್ಪಬಹುದು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮಳೆ. ನಮ್ಮಲ್ಲಿ ಬೇಸಿಗೆಯಲ್ಲೂ ರಾತ್ರಿ ಹೊದ್ದು ಮಲಗುತ್ತೇವೆ.


ಬಯಲುಸೀಮೆ_ಶಿಕಾರಿಪುರ

ಅಣ್ಣ, ಊರಿನ ಹವಾಮಾನ ಬೇರೆ, ಜಿಂಕ್ ಶೀಟಿನ ಕೆಳಗಿನ ಹವಾಮಾನ ಬೇರೆ. ಶಿವಮೊಗ್ಗ ಪಟ್ಟಣದಲ್ಲೇ ಮಾರ್ಚಿನಿಂದ ಮೇವರೆಗೆ 36, 37 ಡಿಗ್ರಿ ಸಾಮಾನ್ಯ. ಒಂದು ಥರ್ಮಾಮೀಟರ್ ತಂದು ಕೇಜಿನ ಎತ್ತರದಲ್ಲೇ ನೇತು ಹಾಕಿ. ಮಧ್ಯಾಹ್ನ ಎರಡು ಮೂರು ಗಂಟೆಗೆ ನೋಡಿ. ನೆಲದ ಸಾಲಿಗೂ ಮೇಲಿನ ಸಾಲಿಗೂ ಎಷ್ಟು ವ್ಯತ್ಯಾಸ ಇದೆ ಅಂತ ನೀವೇ ಕಾಣುತ್ತೀರಿ.


ಪಶುವೈದ್ಯೆ_ತೀರ್ಥಹಳ್ಳಿ

ಶಿಕಾರಿಪುರದವರು ಸರಿಯಾಗಿ ಹೇಳಿದರು. ಜೊತೆಗೆ ಇನ್ನೊಂದು. ನಮ್ಮ ಕಡೆ ಮೇ ತಿಂಗಳಲ್ಲಿ ಮಳೆಗೆ ಮೊದಲಿನ ಸೆಕೆ ಇದೆಯಲ್ಲ, ಗಾಳಿ ಆಡದೆ ಮೈ ಅಂಟುವಂಥದ್ದು, ಅದು ಒಣ ಬಿಸಿಲಿಗಿಂತ ಮೊಲಕ್ಕೆ ಜಾಸ್ತಿ ಕಷ್ಟ. ಗಾಳಿಯಲ್ಲಿ ತೇವ ತುಂಬಿದ್ದರೆ ಉಸಿರಿನಿಂದ ಬಿಸಿ ಹೊರಗೆ ಹೋಗುವುದಿಲ್ಲ. ಬಯಲುಸೀಮೆಯಲ್ಲಿ ಒದ್ದೆ ಗೋಣಿಚೀಲ ಕಟ್ಟಿದರೆ ಶೆಡ್ಡು ತಂಪಾಗುತ್ತದೆ. ನಮ್ಮ ಮೇ ಸೆಕೆಯಲ್ಲಿ ಅದೇ ಗೋಣಿಚೀಲ ಇನ್ನಷ್ಟು ತೇವ ತುಂಬುತ್ತದೆ. ಆಗ ಬೇಕಾದ್ದು ಗಾಳಿ. ಗೋಡೆ ತೆಗೆದು ಜಾಲರಿ ಹಾಕಿ, ಫ್ಯಾನ್ ಇಡಿ.

ಆದರೂ ಆಗುಂಬೆಯವರ ಮಾತಿನಲ್ಲೂ ಅರ್ಥವಿದೆ. ರಾತ್ರಿ ತಂಪಾದರೆ ಮೊಲ ಹಗಲಿನ ಬಿಸಿಯಿಂದ ಸುಧಾರಿಸಿಕೊಳ್ಳುತ್ತದೆ, ರಾತ್ರಿಯೇ ತಿಂಡಿ ತಿನ್ನುತ್ತದೆ. ಈ ಅನುಕೂಲ ನಮಗಿದೆ. ಅದನ್ನು ಶೀಟಿನ ಕೆಳಗೆ ಹಾಳು ಮಾಡಿಕೊಳ್ಳಬಾರದು.


ಕೊಪ್ಪದ_ಅಕ್ಕ

ನನ್ನ ಅನುಭವ ಹೇಳುತ್ತೇನೆ. ನಮ್ಮ ಮನೆಯಲ್ಲಿ ಹೆಣ್ಣು ಮೊಲಗಳು ಶೆಡ್ಡಿನಲ್ಲಿ, ಗಂಡುಗಳು ಹಳೆಯ ಕೊಟ್ಟಿಗೆಯಲ್ಲಿ. ಕೊಟ್ಟಿಗೆಗೆ ಹೆಂಚು, ಹೆಂಚಿನ ಕೆಳಗೆ ಅಟ್ಟ. ಅಟ್ಟದಲ್ಲಿ ಕರಡ (ಒಣಹುಲ್ಲು) ತುಂಬಿರುತ್ತದೆ. ಎಷ್ಟೇ ಬಿಸಿಲಿದ್ದರೂ ಕೆಳಗೆ ತಣ್ಣಗೆ. ಗಂಡುಗಳು ಎಷ್ಟಿರುತ್ತವೆ ಹೇಳಿ? ಹತ್ತು ಹೆಣ್ಣಿಗೆ ಒಂದು. ಇಡೀ ಶೆಡ್ಡಿಗೆ ಖರ್ಚು ಮಾಡಲು ಆಗದಿದ್ದರೂ ಗಂಡುಗಳಿಗೆ ಮಾತ್ರ ಮನೆಯ ತಂಪಾದ ಜಾಗ ಕೊಡಬಹುದು. ಇದಕ್ಕೆ ದುಡ್ಡೇ ಬೇಡ.

ಶೀಟಿನ ಶೆಡ್ಡೇ ಇರುವವರು ಶೀಟಿನ ಮೇಲೆ ಅಡಿಕೆ ಸೋಗೆ ಹೊದಿಸಿ. ಮೇಲ್ಮೈಗೆ ಸುಣ್ಣ ಬಳಿದರೂ ನಡೆಯುತ್ತದೆ. ಮಳೆಗೆ ಮೊದಲು ಸೋಗೆ ತೆಗೆಯಬೇಕು, ಇಲ್ಲದಿದ್ದರೆ ಕೊಳೆತು ಹುಳ ಬರುತ್ತದೆ.

ಕೂಡಿಸಲು ಯಾವಾಗಲೂ ಹೆಣ್ಣನ್ನೇ ಗಂಡಿನ ಕೇಜಿಗೆ ಒಯ್ಯಬೇಕು. ಗಂಡನ್ನು ಹೆಣ್ಣಿನ ಕೇಜಿಗೆ ಹಾಕಿದರೆ ಅದು ಹೊಸ ಜಾಗ ಮೂಸುತ್ತಾ ಕೂರುತ್ತದೆ, ಹೆಣ್ಣು ಕಚ್ಚಲು ಬರುತ್ತದೆ. ಬೇಸಿಗೆಯಲ್ಲಿ ಬೆಳಗಿನ ಜಾವ ಕೂಡಿಸಿ. ಹೆಣ್ಣಿನ ದ್ವಾರ ಕೆಂಪಾಗಿ ಉಬ್ಬಿರುವಾಗ ಬಿಡಿ. ಬಿಳಿಚಿಕೊಂಡಿದ್ದರೆ ಕಾಯಿರಿ.


ಭದ್ರಾವತಿ_ಫಾರಂ

ಅಕ್ಕ ಹೇಳಿದ ಕೊನೆಯ ಮಾತಿಗೆ ಒಂದು ಸೇರಿಸುತ್ತೇನೆ. ಜಡಿ ಮಳೆಯಲ್ಲಿ ಶೆಡ್ಡು ಕತ್ತಲೆ ಇರುತ್ತದೆ. ಹೆಣ್ಣಿನ ಬೆದೆಗೆ ಬೆಳಕು ಬೇಕು. ದಿನಕ್ಕೆ 14ರಿಂದ 16 ಗಂಟೆ ಬೆಳಕು ಸಿಗುವ ಹಾಗೆ ಬಲ್ಬು ಹಾಕಿದರೆ ಹೆಣ್ಣುಗಳು ಚೆನ್ನಾಗಿ ಒಪ್ಪುತ್ತವೆ. ಹಾಗಾಗಿ ಎಲ್ಲವನ್ನೂ ಗಂಡಿನ ತಲೆಗೆ ಕಟ್ಟಬೇಡಿ. ಮೇ ತಿಂಗಳ ಸೆಕೆಯಲ್ಲಿ ಹೆಣ್ಣೂ ತಿಂಡಿ ಬಿಡುತ್ತದೆ, ಒಳಗಿನ ಭ್ರೂಣಗಳೂ ಸಾಯುತ್ತವೆ.


ಪಶುವೈದ್ಯೆ_ತೀರ್ಥಹಳ್ಳಿ

ಒಪ್ಪುತ್ತೇನೆ. ಹೆಣ್ಣು ಗಂಡಿಗೆ ಒಪ್ಪದೇ ಮೂಲೆ ಸೇರಿದರೆ ಮೊದಲು ಬೆಳಕು, ಮೈತೂಕ, ತಿಂಡಿ ನೋಡಿ. ಒಪ್ಪಿ, ಕೂಡಿ, ಆಮೇಲೆ ಎಲ್ಲವೂ ಖಾಲಿ ಹೋದರೆ ಗಂಡನ್ನು ನೋಡಿ. ಹೊಸನಗರದವರದ್ದು ಎರಡನೆಯದು.


ತೋಟದಮನೆ_ಹೊಸನಗರ

ಪುಸ್ತಕ ತೆಗೆದು ಗಂಡಿನ ಲೆಕ್ಕದಲ್ಲಿ ಬೇರೆ ಮಾಡಿದೆ. ಖಾಲಿ ಹೋದ ಹೆಣ್ಣುಗಳಲ್ಲಿ ಹೆಚ್ಚಿನವು ಚಿಂಚಿಲ್ಲಾ ಗಂಡಿಗೆ ಬಿಟ್ಟವು. ಅದು ಮೇಲಿನ ಸಾಲಿನ ಮೂಲೆಯಲ್ಲಿತ್ತು. ಬಿಳಿ ಗಂಡು ಬಾಗಿಲ ಹತ್ತಿರ ಇತ್ತು, ಅಲ್ಲಿ ಗಾಳಿ ಆಡುತ್ತದೆ. ಅದಕ್ಕೆ ಬಿಟ್ಟವು ಮರಿ ಹಾಕಿವೆ, ಮರಿ ಕಡಿಮೆ ಅಷ್ಟೇ. ಒಂದು ಹೆಣ್ಣು ಮಾತ್ರ ಎರಡೂ ಗಂಡಿಗೆ ಖಾಲಿ ಹೋಗಿದೆ. ಚಳಿಗಾಲದಲ್ಲಿ ಇದೇ ಚಿಂಚಿಲ್ಲಾ ಗಂಡಿಗೆ ಎಂಟು ಮರಿ ಬಂದಿದ್ದವು.


ಪಶುವೈದ್ಯೆ_ತೀರ್ಥಹಳ್ಳಿ

ನಿಮ್ಮ ಪುಸ್ತಕ ಬಹಳ ಚೆನ್ನಾಗಿ ಹೇಳುತ್ತಿದೆ. ಒಂದೇ ಗಂಡಿಗೆ ಬಿಟ್ಟ ಹೆಣ್ಣುಗಳೆಲ್ಲ ಖಾಲಿ ಹೋದರೆ ಗಂಡಿನದು. ಒಂದೇ ಹೆಣ್ಣು ಬೇರೆ ಬೇರೆ ಗಂಡಿಗೆ ಖಾಲಿ ಹೋದರೆ ಹೆಣ್ಣಿನದು. ಮರಿ ಕಡಿಮೆ ಆಗುವುದೂ ಇದರದ್ದೇ ಭಾಗ. ವೀರ್ಯಾಣು ಕಡಿಮೆ ಇದ್ದರೆ ಬಿಡುಗಡೆಯಾದ ಎಲ್ಲ ತತ್ತಿಗೂ ತಲುಪುವುದಿಲ್ಲ. ಎಂಟು ಆಗಬೇಕಾದ ಕಡೆ ಮೂರು ಆಗುತ್ತದೆ.

ಖಾಲಿ ಹೋದ ಹೆಣ್ಣುಗಳನ್ನು ಈಗ ಬಿಳಿ ಗಂಡಿಗೆ ಬಿಡಿ. 12ರಿಂದ 14ನೇ ದಿನ ಹೊಟ್ಟೆ ಮುಟ್ಟಿ ನೋಡಿ. ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಹೊಟ್ಟೆಯನ್ನು ಮೆಲ್ಲಗೆ ಹಿಡಿದು ಹಿಂದಕ್ಕೆ ಸರಿಸಿದರೆ ಸಾಲು ಮಣಿಯ ಹಾಗೆ ಸಿಗುತ್ತದೆ. ಹಿಕ್ಕೆ ಗಟ್ಟಿಯಾಗಿರುತ್ತದೆ, ಗಬ್ಬ ಮೆತ್ತಗೆ ಜಾರುತ್ತದೆ. ಜೋರಾಗಿ ಒತ್ತಬೇಡಿ. ಚಿಂಚಿಲ್ಲಾ ಗಂಡನ್ನು ಮಾರಬೇಡಿ. ತಂಪಿನ ಜಾಗಕ್ಕೆ ಹಾಕಿ ಎರಡು ತಿಂಗಳು ಕಾಯಿರಿ. ಚಳಿಗಾಲದಲ್ಲಿ ಎಂಟು ಕೊಟ್ಟಿದೆ ಅಂದಮೇಲೆ ಮತ್ತೆ ಕೊಡುವ ಸಾಧ್ಯತೆ ಚೆನ್ನಾಗಿದೆ.


ಸಾಗರ_ಯುವಕೃಷಿಕ

ಮೇಡಂ, ಎರಡು ತಿಂಗಳು ಕಾಯುವ ಬದಲು ವೀರ್ಯವನ್ನೇ ಪರೀಕ್ಷೆ ಮಾಡಲು ಆಗುವುದಿಲ್ಲವಾ? ದನಕ್ಕೆ ಮಾಡುತ್ತಾರಲ್ಲ.


ಪಶುವೈದ್ಯಕೀಯ_ವಿದ್ಯಾರ್ಥಿ

ಆಗುತ್ತದೆ ಸಾರ್. ಶಿವಮೊಗ್ಗದಲ್ಲಿ ಓದುತ್ತಿದ್ದೇನೆ, ಓದಿದ್ದನ್ನು ಹೇಳುತ್ತೇನೆ, ಮೇಡಂ ನೋಡಿ ಸರಿ ಮಾಡಲಿ.

ವೀರ್ಯ ಹಿಡಿಯಲು ಕೃತಕ ಯೋನಿ ಬಳಸುತ್ತಾರೆ. ಚಿಕ್ಕ ಕೊಳವೆ, ಒಳಗೆ ತೆಳು ರಬ್ಬರು, ನಡುವೆ ಬಿಸಿನೀರು. ವೀರ್ಯ ಹಿಡಿಯುವ ಹೊತ್ತಿಗೆ ಒಳಗಿನ ಬಿಸಿ 40 ಡಿಗ್ರಿಯ ಆಸುಪಾಸು ಇರಬೇಕು. ಒಂದು ಹೆಣ್ಣನ್ನು ಗಂಡಿನ ಮುಂದೆ ಹಿಡಿದು, ಗಂಡು ಏರಿದಾಗ ಕೊಳವೆಯನ್ನು ಹಿಡಿಯುತ್ತಾರೆ. ಕೆಲವೇ ಕ್ಷಣದ ಕೆಲಸ, ಆದರೆ ಗಂಡಿಗೆ ಮೊದಲು ಅಭ್ಯಾಸ ಮಾಡಿಸಬೇಕು.

ಬಂದ ವೀರ್ಯವನ್ನು ಮೊದಲು ಬರಿಗಣ್ಣಲ್ಲೇ ನೋಡುತ್ತೇವೆ. ಹಾಲಿನ ಹಾಗೆ ಬೆಳ್ಳಗಿದ್ದರೆ ಒಳ್ಳೆಯದು. ನೀರಾಗಿದ್ದರೆ ವೀರ್ಯಾಣು ಕಡಿಮೆ. ಹಳದಿ ಇದ್ದರೆ ಮೂತ್ರ ಸೇರಿದೆ, ಕೆಂಪಿದ್ದರೆ ರಕ್ತ. ಕೆಲವು ಗಂಡುಗಳಲ್ಲಿ ಅಂಟಾದ ಗಟ್ಟಿ ಗೆಡ್ಡೆ ಬರುತ್ತದೆ, ಅದು ದೋಷ ಅಲ್ಲ, ಅದನ್ನು ತೆಗೆದುಹಾಕಿ ಉಳಿದದ್ದನ್ನು ನೋಡಬೇಕು. ಪ್ರಮಾಣ ಸಾಮಾನ್ಯವಾಗಿ 0.3ರಿಂದ 1 ಮಿ.ಲೀ. ಒಳಗೆ. ಒಂದು ಮಿ.ಲೀ.ನಲ್ಲಿ 15 ಕೋಟಿಯಿಂದ 50 ಕೋಟಿ ವೀರ್ಯಾಣು ಇರುತ್ತವೆ.

ಆಮೇಲೆ ಮೈಕ್ರೋಸ್ಕೋಪು. ಗಾಜನ್ನು 37 ಡಿಗ್ರಿಗೆ ಬೆಚ್ಚಗೆ ಮಾಡಿರಬೇಕು, ಇಲ್ಲದಿದ್ದರೆ ಒಳ್ಳೆಯ ವೀರ್ಯಾಣುವೂ ಚಳಿಗೆ ನಿಲ್ಲುತ್ತದೆ, ನಾವು ಗಂಡನ್ನು ತಪ್ಪಾಗಿ ದೂರುತ್ತೇವೆ. ನೂರರಲ್ಲಿ 70 ಅಥವಾ ಹೆಚ್ಚು ವೀರ್ಯಾಣು ಮುಂದಕ್ಕೆ ಈಜುತ್ತಿದ್ದರೆ ಚೆನ್ನಾಗಿದೆ ಅನ್ನುತ್ತೇವೆ. ಇಯೋಸಿನ್, ನೈಗ್ರೋಸಿನ್ ಬಣ್ಣ ಹಾಕಿದರೆ ಸತ್ತವು ಗುಲಾಬಿ ಬಣ್ಣಕ್ಕೆ ತಿರುಗುತ್ತವೆ, ಬದುಕಿದವು ಬೆಳ್ಳಗೇ ಉಳಿಯುತ್ತವೆ. ಬಾಲ ಸುತ್ತಿಕೊಂಡವು, ತಲೆ ಬೇರೆಯಾದವು ಎಷ್ಟು ಅಂತಲೂ ಎಣಿಸಬೇಕು. ಬಿಸಿಲಿಗೆ ಸಿಕ್ಕ ಗಂಡಿನಲ್ಲಿ ಇವು ಜಾಸ್ತಿ.

ಒಂದೇ ಸಲದ ಪರೀಕ್ಷೆ ನಂಬಬಾರದು. ಬಹಳ ದಿನ ಸುಮ್ಮನಿದ್ದ ಗಂಡಿನ ಮೊದಲ ವೀರ್ಯದಲ್ಲಿ ಹಳೆಯವು, ಸತ್ತವು ತುಂಬಿರುತ್ತವೆ. ಎರಡನೇ ಸಲದ್ದು ನೋಡಿ ತೀರ್ಮಾನ ಮಾಡಬೇಕು.

ಮೊಲದ ಬಗ್ಗೆ ಇಷ್ಟೊಂದು ತಿಳಿದಿರುವುದಕ್ಕೆ ಕಾರಣವೂ ಇದೆ. ಯಾವಾಗ ತತ್ತಿ ಬರುತ್ತದೆ ಅಂತ ಗಂಟೆ ಲೆಕ್ಕದಲ್ಲಿ ಹೇಳಬಹುದಾದ್ದರಿಂದ ವಿಜ್ಞಾನಿಗಳಿಗೆ ಮೊಲ ಅನುಕೂಲ. ವೀರ್ಯಾಣು ಹೆಣ್ಣಿನ ಒಳಗೆ ಕೆಲವು ಗಂಟೆ ಇದ್ದ ಮೇಲೆಯೇ ತತ್ತಿಯನ್ನು ಸೇರುವ ಶಕ್ತಿ ಪಡೆಯುತ್ತದೆ ಅನ್ನುವುದನ್ನು 1951ರಲ್ಲಿ ಚಾಂಗ್ ಮತ್ತು ಆಸ್ಟಿನ್ ಅನ್ನುವ ವಿಜ್ಞಾನಿಗಳು ಬೇರೆ ಬೇರೆಯಾಗಿ ತೋರಿಸಿದರು. ಚಾಂಗ್ ಕೆಲಸ ಮಾಡಿದ್ದು ಮೊಲದಲ್ಲಿ. 1959ರಲ್ಲಿ ದೇಹದ ಹೊರಗೆ ಗರ್ಭ ಕಟ್ಟಿಸಿ ಮರಿ ಪಡೆದದ್ದೂ ಅವರೇ, ಅದೂ ಮೊಲದಲ್ಲೇ. ಕೂಡಿದ 10 ಗಂಟೆಯ ನಂತರ ತತ್ತಿ ಬರುವುದಕ್ಕೂ ವೀರ್ಯಾಣು ತಯಾರಾಗಲು ಹೊತ್ತು ಬೇಕಾಗುವುದಕ್ಕೂ ಎಷ್ಟು ಚೆನ್ನಾಗಿ ಹೊಂದಿಕೆಯಾಗಿದೆ ನೋಡಿ.


ಪಶುವೈದ್ಯೆ_ತೀರ್ಥಹಳ್ಳಿ

ಸರಿಯಾಗಿ ಬರೆದಿದ್ದೀಯ ತಮ್ಮಾ. ಸಾಕಣೆದಾರರಿಗೆ ನಾನು ಸೇರಿಸುವುದು ಇಷ್ಟು. ಮೈಕ್ರೋಸ್ಕೋಪು ಇಲ್ಲದಿದ್ದರೂ ಗಂಡನ್ನು ಕೈಯಲ್ಲಿ ಪರೀಕ್ಷೆ ಮಾಡಿ. ಬೀಜ ಎರಡೂ ಒಂದೇ ಗಾತ್ರ ಇವೆಯಾ, ಗಟ್ಟಿ ಗಂಟು, ಬಾವು ಇದೆಯಾ ನೋಡಿ. ಮೊಲಕ್ಕೆ ಬೀಜವನ್ನು ಹೊಟ್ಟೆಯೊಳಗೆ ಎಳೆದುಕೊಳ್ಳಲು ಆಗುತ್ತದೆ. ಹೆದರಿದಾಗ ಬೀಜ ಕಾಣದಿದ್ದರೆ ಗಾಬರಿ ಬೇಡ, ಸುಮ್ಮನೆ ಹಿಡಿದು ಸ್ವಲ್ಪ ಕಾದರೆ ಇಳಿಯುತ್ತದೆ. ದ್ವಾರದ ಸುತ್ತ ಹುಣ್ಣು, ಹಕ್ಕಳೆ ಇದ್ದರೆ ಕೂಡಿಸಲೇಬೇಡಿ. ಅದು ಒಂದರಿಂದ ಒಂದಕ್ಕೆ ಹರಡುವ ರೋಗ, ಚಿಕಿತ್ಸೆ ಇದೆ. ಆದರೆ ಔಷಧಿಯನ್ನು ನೀವೇ ಕೊಡಬೇಡಿ. ಪೆನಿಸಿಲಿನ್ ಜಾತಿಯ ಔಷಧಿ ಬಾಯಿಗೆ ಹಾಕಿದರೆ ಮೊಲ ಭೇದಿಯಾಗಿ ಸಾಯುತ್ತದೆ.

ಹಿಂಗಾಲಿನ ಅಡಿ ತಪ್ಪದೇ ನೋಡಿ. ತಂತಿ ನೆಲದ ಮೇಲೆ ಭಾರದ ಗಂಡಿಗೆ ಅಡಿ ಹುಣ್ಣಾಗುತ್ತದೆ. ಆ ನೋವಿಗೆ ಅದು ಏರುವುದಿಲ್ಲ, ನಾವು ಸೋಮಾರಿ ಗಂಡು ಅನ್ನುತ್ತೇವೆ. ಕೂರಲು ಒಂದು ಹಲಗೆ ಹಾಕಿದರೆ ಸಾಕು.


ಕೊಪ್ಪದ_ಅಕ್ಕ

ಹಲಗೆಗೆ ಅಡಿಕೆ ದಬ್ಬೆ ಬಳಸಬಹುದು. ಚೆನ್ನಾಗಿ ಕೆತ್ತಿ ಸಿಬಿರು ಇಲ್ಲದ ಹಾಗೆ ಮಾಡಿ. ವಾರಕ್ಕೊಮ್ಮೆ ತೆಗೆದು ತೊಳೆದು ಒಣಗಿಸಬೇಕು.


ಬಯಲುಸೀಮೆ_ಶಿಕಾರಿಪುರ

ತಿಂಡಿಯ ಮಾತು ಯಾರೂ ಎತ್ತಲಿಲ್ಲ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮೂಟೆ ತಿಂಡಿ ತಂದು ನೆಲದ ಮೇಲೆ ಇಡುತ್ತಾರೆ. ಹದಿನೈದು ದಿನದಲ್ಲಿ ಬೂಷ್ಟು. ಶೇಂಗಾ ಹಿಂಡಿ, ಮುಸುಕಿನ ಜೋಳ ಇದ್ದರಂತೂ ಕೇಳುವುದೇ ಬೇಡ. ಆ ಬೂಷ್ಟಿನ ವಿಷ ಮೊಲಕ್ಕೆ ಬಹಳ ಬೇಗ ತಾಗುತ್ತದೆ. ಲಿವರ್ ಹೋಗುತ್ತದೆ, ಗಂಡಿನ ವೀರ್ಯವೂ ಕೆಡುತ್ತದೆ. ಬೂಷ್ಟು ಒರೆಸಿ ಕೊಡುವುದು, ಬಿಸಿಲಿಗೆ ಹಾಕಿ ಕೊಡುವುದು ಎರಡೂ ಉಪಯೋಗ ಇಲ್ಲ. ವಿಷ ಒಳಗೇ ಇರುತ್ತದೆ. ಎಸೆಯಬೇಕು. ಮಳೆಗಾಲದಲ್ಲಿ ಸಣ್ಣ ಸಣ್ಣ ಮೂಟೆ ತನ್ನಿ, ಡ್ರಮ್ಮಿನಲ್ಲಿ ಮುಚ್ಚಿಡಿ, ಮರದ ಅಟ್ಟಣೆಯ ಮೇಲಿಡಿ.

ಹಸುಗೆ ತಂದ ಹತ್ತಿಕಾಳು ಹಿಂಡಿಯನ್ನು ಗಂಡು ಮೊಲಕ್ಕೆ ಹಾಕಬೇಡಿ. ಅದರಲ್ಲಿರುವ ಗಾಸಿಪಾಲ್ ಹಲವು ಪ್ರಾಣಿಗಳಲ್ಲಿ ಗಂಡಿನ ವೀರ್ಯ ಕಡಿಮೆ ಮಾಡುತ್ತದೆ. ಚೀನಾದಲ್ಲಿ ಗಂಡಸರಿಗೆ ಗರ್ಭನಿರೋಧಕ ಮಾತ್ರೆಯಾಗಿ ಇದನ್ನು ಪರೀಕ್ಷೆ ಮಾಡಿದ್ದರು ಅಂದರೆ ನೋಡಿ.


ಸಾಗರ_ಯುವಕೃಷಿಕ

ಸುಬಾಬುಲ್ ಸೊಪ್ಪು ಕೊಡಬಹುದಾ? ನಮ್ಮ ಬೇಲಿ ತುಂಬಾ ಅದೇ ಇದೆ, ಮೊಲಗಳಿಗೂ ಇಷ್ಟ.


ಪಶುವೈದ್ಯೆ_ತೀರ್ಥಹಳ್ಳಿ

ಬೇರೆ ಸೊಪ್ಪಿನ ಜೊತೆ ಸ್ವಲ್ಪ ಕೊಡಬಹುದು. ಅದೇ ಮುಖ್ಯ ಮೇವಾದರೆ ತೊಂದರೆ. ಅದರಲ್ಲಿ ಮಿಮೋಸಿನ್ ಅನ್ನುವ ವಿಷ ಇದೆ, ಕೂದಲು ಉದುರುತ್ತದೆ, ಗಬ್ಬಕ್ಕೂ ಕೆಡುಕು. ಬ್ರೀಡಿಂಗ್ ಮೊಲಕ್ಕೆ ನಾನಾದರೆ ಕೊಡುವುದೇ ಇಲ್ಲ. ಹಸಿರು ಹುಲ್ಲು, ಹಲಸಿನ ಎಲೆ, ನುಗ್ಗೆ ಸೊಪ್ಪು, ಕುದುರೆ ಮಸಾಲೆ (ಲೂಸರ್ನ್ ಮೇವು) ಹದವಾಗಿ ಬೆರೆಸಿ ಕೊಡಿ. ಹಸಿರಿನಿಂದ ವಿಟಮಿನ್ ಎ, ವಿಟಮಿನ್ ಇ ಸಿಗುತ್ತವೆ. ವಿಟಮಿನ್ ಇ ಮತ್ತು ಸೆಲೆನಿಯಂ ವೀರ್ಯಾಣುವಿನ ಪೊರೆಯನ್ನು ಕಾಯುತ್ತವೆ. ಹಾಗಂತ ಸಿಕ್ಕ ಸಿಕ್ಕ ಟಾನಿಕ್ ಹಾಕಬೇಡಿ. ವಿಟಮಿನ್ ಎ ಜಾಸ್ತಿಯಾದರೂ ಗಬ್ಬ ಕೆಡುತ್ತದೆ.

ಮಳೆಯಲ್ಲಿ ಕೊಯ್ದ ಸೊಪ್ಪನ್ನು ಬಾಡಿಸಿ ಕೊಡಿ. ಗಂಡಿಗೆ ತಿಂಡಿ ಅಳತೆಯಲ್ಲಿರಲಿ, ಕೊಬ್ಬಿದ ಗಂಡು ಏರುವುದಿಲ್ಲ. ನೀರು ಮಾತ್ರ ಇಡೀ ದಿನ ಇರಬೇಕು.


ಆಗುಂಬೆ_ತಪ್ಪಲು

ನಮ್ಮ ಕಡೆ ಒಬ್ಬರು ಕಾಡುಮೊಲದ ಜೊತೆ ಕೂಡಿಸಿದರೆ ಗಟ್ಟಿ ತಳಿ ಬರುತ್ತದೆ ಅಂದರು. ಹೌದಾ?


ಪಶುವೈದ್ಯಕೀಯ_ವಿದ್ಯಾರ್ಥಿ

ಆಗುವುದೇ ಇಲ್ಲ ಸಾರ್. ಎರಡೂ ಬೇರೆ ಕುಲದ ಪ್ರಾಣಿಗಳು. ಸಾಕುಮೊಲಕ್ಕೆ 44 ವರ್ಣತಂತು, ಕಾಡುಮೊಲಕ್ಕೆ 48. ಕಾಡುಮೊಲದ ಮರಿ ತುಪ್ಪಳ ಹೊತ್ತು, ಕಣ್ಣು ಬಿಟ್ಟು ಹುಟ್ಟುತ್ತದೆ. ಸಾಕುಮೊಲದ್ದು ಬೋಳಾಗಿ, ಕಣ್ಣು ಮುಚ್ಚಿ ಹುಟ್ಟುತ್ತದೆ. ಕಾಡುಮೊಲ ಹಿಡಿಯುವುದು 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ದಯವಿಟ್ಟು ಯಾರೂ ಪ್ರಯತ್ನ ಮಾಡಬೇಡಿ.


ಸೊರಬ_ಸಾಕಣೆ

ತಳಿಯ ಮಾತು ಬಂದದ್ದಕ್ಕೆ ಬರೆಯುತ್ತೇನೆ. ನಾವು ಮೊದಲು ಮೊಲ ತಂದದ್ದು ಒಂದು ಕಂಪನಿಯಿಂದ, ಹೆಸರು ಬೇಡ. ಮರಿಗಳನ್ನು ನಾವೇ ಕೊಳ್ಳುತ್ತೇವೆ ಅಂತ ಕಾಗದ ಮಾಡಿಕೊಟ್ಟಿದ್ದರು. ದುಡ್ಡು ಕಟ್ಟಿಸಿಕೊಂಡರು, ಯೂನಿಟ್ ಇಳಿಸಿದರು, ಆಮೇಲೆ ಫೋನ್ ಎತ್ತಲಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ಅವರು ಕೊಟ್ಟ ಗಂಡು, ಹೆಣ್ಣು ಒಂದೇ ತಾಯಿಯ ಮರಿಗಳು ಅಂತ ಆಮೇಲೆ ತಿಳಿಯಿತು. ಯಾವ ದಾಖಲೆಯೂ ಇರಲಿಲ್ಲ. ಮುಂದಿನ ತಲೆಮಾರಿಗೆ ಮರಿ ಕಡಿಮೆ, ಸಾಯುವುದು ಜಾಸ್ತಿ, ಗಂಡುಗಳಲ್ಲಿ ಒಂದಕ್ಕೆ ಒಂದೇ ಬೀಜ ಇಳಿದಿತ್ತು. ಸಾಲ ಮಾಡಿ ಶುರು ಮಾಡಿದವರಿಗೆ ಇದು ಎಷ್ಟು ಕಷ್ಟ ಅಂತ ಹೊಸಬರಿಗೆ ತಿಳಿಯಲಿ. ಮೊಲ ಕೊಳ್ಳುವಾಗ ತಂದೆ ತಾಯಿಯ ದಾಖಲೆ ಕೇಳಿ. ಕೊಡದಿದ್ದರೆ ವಾಪಸ್ ಬನ್ನಿ.


ಪಶುವೈದ್ಯೆ_ತೀರ್ಥಹಳ್ಳಿ

ಓದಿ ಬೇಜಾರಾಯಿತು. ಒಂದೇ ಬೀಜ ಇಳಿದ ಗಂಡನ್ನು ಎಂದಿಗೂ ಬ್ರೀಡಿಂಗ್‌ಗೆ ಇಡಬೇಡಿ, ಆ ದೋಷ ಮರಿಗಳಿಗೂ ಹೋಗಬಹುದು. ಮೂರು ತಿಂಗಳ ಹೊತ್ತಿಗೆ ಎರಡೂ ಇಳಿದಿರಬೇಕು, ಕೊಳ್ಳುವಾಗಲೇ ಮುಟ್ಟಿ ನೋಡಿ.


ಭದ್ರಾವತಿ_ಫಾರಂ

ನನ್ನ ಪ್ರಕಾರ ಇದಕ್ಕೆಲ್ಲ ಪರಿಹಾರ ಕೃತಕ ಗರ್ಭಧಾರಣೆ. ಒಂದು ಸಲದ ವೀರ್ಯದಲ್ಲಿ ಹತ್ತು ಹೆಣ್ಣಿಗೆ ಕೊಡಬಹುದು. ಒಂದು ಹೆಣ್ಣಿಗೆ ಒಂದೆರಡು ಕೋಟಿ ವೀರ್ಯಾಣು ಸಾಕು. ಯೂರೋಪಿನ ದೊಡ್ಡ ಫಾರಂಗಳಲ್ಲಿ ಇದೇ ಪದ್ಧತಿ. ಒಳ್ಳೆಯ ಎರಡು ಗಂಡನ್ನು ತಂಪಿನಲ್ಲಿ ಇಟ್ಟರೆ ಇಡೀ ಊರಿನ ಮೊಲಗಳಿಗೆ ಆಗುತ್ತದೆ. ನಮ್ಮಲ್ಲಿ ಯಾಕೆ ಯಾರೂ ಮನಸ್ಸು ಮಾಡುವುದಿಲ್ಲ?


ಪಶುವೈದ್ಯೆ_ತೀರ್ಥಹಳ್ಳಿ

ಸಾರ್, ನಿಮ್ಮ ಆಸೆ ಒಳ್ಳೆಯದು. ಆದರೆ ಹತ್ತು ಹದಿನೈದು ಹೆಣ್ಣು ಇರುವವರಿಗೆ ಅದು ಹೊರೆ. ಗಂಡು ಕೂಡದೆ ಹೆಣ್ಣು ತತ್ತಿ ಬಿಡುವುದಿಲ್ಲ ಅಂದೆನಲ್ಲ, ಹಾಗಾಗಿ ವೀರ್ಯ ಹಾಕಿದ ಹೊತ್ತಿಗೇ ಹಾರ್ಮೋನು ಇಂಜೆಕ್ಷನ್ ಕೊಡಲೇಬೇಕು. ದನದ ವೀರ್ಯದ ಹಾಗೆ ಮೊಲದ್ದನ್ನು ಹೆಪ್ಪುಗಟ್ಟಿಸಿ ಇಟ್ಟರೆ ಗಬ್ಬವೂ ಕಡಿಮೆ, ಮರಿಯೂ ಕಡಿಮೆ. ದ್ರಾವಣ ಬೆರೆಸಿ 15ರಿಂದ 18 ಡಿಗ್ರಿಯಲ್ಲಿಟ್ಟು ಒಂದು ದಿನದೊಳಗೆ ಬಳಸಬೇಕು. ಶರಾವತಿ ಹಿನ್ನೀರಿನ ಆಚೆಯ ಮನೆಗೆ ಅದನ್ನು ಹೊತ್ತಿಗೆ ಸರಿಯಾಗಿ ಒಯ್ಯುವ ಮಾತು ಯೋಚಿಸಿ. ಸಾಲದ್ದಕ್ಕೆ ಕೆಟ್ಟ ಗಂಡಿನ ವೀರ್ಯ ಬಳಸಿದರೆ ನಷ್ಟವೂ ಹತ್ತು ಪಟ್ಟು. ನೂರಾರು ಹೆಣ್ಣು ಇರುವವರು, ಒಂದೇ ದಿನ ಎಲ್ಲ ಮರಿ ಹಾಕಬೇಕು ಅನ್ನುವವರು ಮಾಡಲಿ. ಉಳಿದವರು ಒಳ್ಳೆಯ ಗಂಡು, ತಂಪು ಜಾಗ, ಒಂದು ಪುಸ್ತಕ ಇಟ್ಟುಕೊಂಡರೆ ಅದೇ ಫಲ ಸಿಗುತ್ತದೆ.


ಭದ್ರಾವತಿ_ಫಾರಂ

ಸಣ್ಣವರಿಗೆ ಕಷ್ಟ ಅನ್ನುವುದು ಒಪ್ಪಿದೆ. ಆದರೆ ಹತ್ತು ಮನೆ ಸೇರಿ ಒಂದು ಸಂಘ ಮಾಡಿದರೆ ಆಗುತ್ತದೆ ಅಂತ ನನ್ನ ನಂಬಿಕೆ. ಇದರ ಬಗ್ಗೆ ಬೇರೆ ಚರ್ಚೆ ಶುರು ಮಾಡುತ್ತೇನೆ.


ಸಾಗರ_ಯುವಕೃಷಿಕ

ಒಂದು ಗಂಡನ್ನು ವಾರಕ್ಕೆ ಎಷ್ಟು ಸಲ ಬಿಡಬಹುದು? ನಮ್ಮಲ್ಲಿ ಒಂದೇ ಇದೆ, ಎಲ್ಲ ಹೆಣ್ಣಿಗೂ ಅದೇ.


ಕೊಪ್ಪದ_ಅಕ್ಕ

ನಾನು ವಾರಕ್ಕೆ ಎರಡು ಮೂರಕ್ಕಿಂತ ಜಾಸ್ತಿ ಬಿಡುವುದಿಲ್ಲ. ದಿನಾ ಬಿಟ್ಟರೆ ಹುರುಪು ಇರುತ್ತದೆ, ವೀರ್ಯ ತೆಳುವಾಗುತ್ತದೆ. ಒಂದೇ ಹೆಣ್ಣಿಗೆ ಕಾಲು ಗಂಟೆ ಬಿಟ್ಟು ಎರಡನೇ ಸಲ ಬಿಡುವುದು ಒಳ್ಳೆಯದು. ಆರು ತಿಂಗಳು ತುಂಬುವ ಮೊದಲು ಎಳೆಯ ಗಂಡನ್ನು ಬಳಸಬೇಡಿ. ಮೂರು ವರ್ಷ ದಾಟಿದ ಮೇಲೆ ಪುಸ್ತಕ ನೋಡಿ ನಿರ್ಧಾರ ಮಾಡಿ. ಒಂದೇ ಗಂಡು ಇಟ್ಟುಕೊಳ್ಳುವುದು ಅಪಾಯ ತಮ್ಮಾ, ಅದು ಕೆಟ್ಟರೆ ಇಡೀ ಸೂಲು ಹೋಗುತ್ತದೆ.


ತೋಟದಮನೆ_ಹೊಸನಗರ

ಎಲ್ಲರಿಗೂ ಮನಸಾರೆ ಧನ್ಯವಾದ. ಖಾಲಿ ಹೋಗಿದ್ದ ಹೆಣ್ಣುಗಳನ್ನು ಬಿಳಿ ಗಂಡಿಗೆ ಬಿಟ್ಟಿದ್ದೆ, ದಿನಕ್ಕೆ ಒಂದೇ, ನಡುವೆ ಬಿಡುವು ಕೊಟ್ಟು. ಮೊದಲು ಬಿಟ್ಟವುಗಳ ಹೊಟ್ಟೆ ಮುಟ್ಟಿ ನೋಡಿದೆ. ಹೆಚ್ಚಿನವುಗಳಲ್ಲಿ ಮಣಿ ಸಿಗುತ್ತಿದೆ. ಎರಡೂ ಗಂಡಿಗೆ ಖಾಲಿ ಹೋಗಿದ್ದ ಒಂದು ಹೆಣ್ಣು ಈಗಲೂ ಖಾಲಿ. ಅದನ್ನು ಮಾತ್ರ ತೆಗೆಯುತ್ತೇನೆ. ಮಾರಿಬಿಡು ಅಂದಿದ್ದ ಉಳಿದ ತಾಯಿಗಳೆಲ್ಲ ಉಳಿದವು.

ಚಿಂಚಿಲ್ಲಾ ಗಂಡನ್ನು ಮನೆಯ ಹಿಂದಿನ ಸೌದೆ ಕೊಟ್ಟಿಗೆಗೆ ಹಾಕಿದ್ದೇನೆ. ಇನ್ನೊಂದು ಗಂಡು ತರೋಣ ಅಂತಿದ್ದೇನೆ. ತರುವಾಗ ಏನು ನೋಡಬೇಕು?


ಪಶುವೈದ್ಯೆ_ತೀರ್ಥಹಳ್ಳಿ

ಬಹಳ ಸಂತೋಷ. ಹೊಸ ಗಂಡು ನಿಮ್ಮ ಹೆಣ್ಣುಗಳಿಗೆ ನೆಂಟ ಆಗಿರಬಾರದು, ಬೇರೆ ಊರಿನ ಬೇರೆ ಸಾಕಣೆಯಿಂದ ತನ್ನಿ. ದೊಡ್ಡ ಸೂಲಿನಲ್ಲಿ ಹುಟ್ಟಿದ್ದು ಆರಿಸಿ. ಮೂಗು ಒದ್ದೆ ಇರಬಾರದು, ಮುಂಗಾಲಿನ ಒಳಗಿನ ಕೂದಲು ಅಂಟಿಕೊಂಡಿದ್ದರೆ ನೆಗಡಿ ಒರೆಸಿಕೊಂಡ ಗುರುತು, ಬಿಡಿ. ಕಿವಿಯೊಳಗೆ ಹಕ್ಕಳೆ ಇದ್ದರೆ ಕಜ್ಜಿ. ಬೀಜ, ಹಿಂಗಾಲು ಮುಟ್ಟಿ ನೋಡಿ.

ತಂದ ಮೇಲೆ ಮೂರು ವಾರ ಬೇರೆ ಜಾಗದಲ್ಲಿಡಿ. ಅದಕ್ಕೆ ತಿಂಡಿ ಹಾಕುವುದು ಕೊನೆಗೆ, ಹಾಕಿದ ಮೇಲೆ ಕೈ ತೊಳೆಯಿರಿ. ಹಳೆಯ ಜಾಗದಲ್ಲಿ ಯಾವ ತಿಂಡಿ ತಿನ್ನುತ್ತಿತ್ತು ಅಂತ ಕೇಳಿ ಸ್ವಲ್ಪ ತನ್ನಿ, ನಿಮ್ಮ ತಿಂಡಿಗೆ ನಿಧಾನವಾಗಿ ಬದಲಾಯಿಸಿ. ಬಸ್ಸಿನ ಟಾಪ್ ಮೇಲೆ ಹಾಕಿ ತರಬೇಡಿ, ರಾತ್ರಿ ಅಥವಾ ಬೆಳಗಿನ ಜಾವ ತನ್ನಿ. ಮೊದಲು ಈಗಾಗಲೇ ಮರಿ ಹಾಕಿ ಅಭ್ಯಾಸ ಇರುವ ಒಂದು ಸಾಧು ಹೆಣ್ಣಿಗೆ ಬಿಡಿ. ಎರಡು ಮೂರು ಹೆಣ್ಣಿನಲ್ಲಿ ಗಬ್ಬ ಕಂಡ ಮೇಲೆ ಉಳಿದವಕ್ಕೆ ಬಳಸಿ. ಆ ಗಂಡಿಗೆ ಪುಸ್ತಕದಲ್ಲಿ ಒಂದು ಬೇರೆ ಹಾಳೆ ಮಾಡಿ.